ಸಿನಿಮಾದಲ್ಲಿ ಶಾಲೆ, ಸೀಟು, ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಉಳ್ಳವರ ಮಕ್ಕಳಿಗೊಂದು ಶಾಲೆ, ಇಲ್ಲದವರ ಮಕ್ಕಳಿಗೊಂದು ಶಾಲೆ. ಈ ವಿಷಯದ ಚಿತ್ರಗಳನ್ನು ನೋಡಿ ಮಾತಿಗೆ ಕೂತಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಏಳುತ್ತವೆ. ಉತ್ತರಗಳಲ್ಲಿ ಕಥೆಯ ಕೊನೆಯನ್ನೂ ಹೇಳಿಬಿಟ್ಟಿದ್ದೇನೆ. ನೀವು ನೋಡದ ಚಿತ್ರದ ಹೆಸರು ಕಂಡರೆ ಆ ಪ್ಯಾರಾ ಹಾರಿಸಿ ಮುಂದೆ ಹೋಗಿ.

ಈ ಬಗೆಯ ಚಿತ್ರಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಗುರುತಿಸುವುದು ಹೇಗೆ?

ದುಡ್ಡಿನ ಲೆಕ್ಕ ತೆರೆಯ ಮೇಲೆ ಬರುತ್ತದೆಯೇ ನೋಡಿ. ಬಡವರ ಮಗುವಿನ ಓದಿಗೆ ಅಡ್ಡ ಬರುವುದು ದಡ್ಡತನವಲ್ಲ, ಸೋಮಾರಿತನವೂ ಅಲ್ಲ. ಬಸ್ ಚಾರ್ಜು, ನೋಟ್‌ಬುಕ್ಕು, ಬೂಟು, ತಪ್ಪಿಹೋಗುವ ಒಂದು ದಿನದ ಕೂಲಿ. ಇವನ್ನು ಎಣಿಸಿ ತೋರಿಸುವ ಚಿತ್ರ ನಿಜ ಹೇಳುತ್ತದೆ. ಇದನ್ನೆಲ್ಲ ಬದಿಗಿಟ್ಟು 'ಹುಡುಗ ಭಾರಿ ಬುದ್ಧಿವಂತ' ಎಂದಷ್ಟೇ ಹೇಳುವ ಚಿತ್ರ ನಮ್ಮನ್ನು ಎಷ್ಟೇ ಅಳಿಸಿದರೂ ಅರ್ಧ ಸುಳ್ಳು.

ಚೀನಾದ ಝಾಂಗ್ ಯಿಮೊವ್ ನಿರ್ದೇಶಿಸಿದ 'ನಾಟ್ ಒನ್ ಲೆಸ್' (1999) ನೋಡಿ. ಬೆಟ್ಟದೂರಿನ ಏಕೋಪಾಧ್ಯಾಯ ಶಾಲೆ. ಮೇಷ್ಟ್ರು ಒಂದು ತಿಂಗಳು ರಜೆ ಹೋಗಬೇಕು. ಅವರ ಬದಲಿಗೆ ಬರುವವಳು 13 ವರ್ಷದ ಹುಡುಗಿ, ವೇ ಮಿಂಝಿ. ಹೊರಡುವ ಮೊದಲು ಮೇಷ್ಟ್ರು ಅವಳ ಕೈಗೆ ಸೀಮೆಸುಣ್ಣ ಎಣಿಸಿ ಕೊಡುತ್ತಾರೆ, ದಿನಕ್ಕೆ ಒಂದೇ ಕಡ್ಡಿ ಎಂಬ ಲೆಕ್ಕದಲ್ಲಿ. ಬೋರ್ಡಿನ ಮೇಲೆ ಅಕ್ಷರ ಎಷ್ಟು ದಪ್ಪ ಇರಬೇಕು ಎಂಬುದನ್ನೂ ಹೇಳಿ ಹೋಗುತ್ತಾರೆ. ಮುಂದೆ ತರಗತಿಯ ಗಲಾಟೆಯಲ್ಲಿ ಆ ಸುಣ್ಣ ಕಾಲಡಿ ಸಿಕ್ಕಿ ಪುಡಿಯಾದಾಗ, ಅದನ್ನು ಒಬ್ಬ ಹುಡುಗಿ ತನ್ನ ದಿನಚರಿಯಲ್ಲಿ ಸಂಕಟಪಟ್ಟು ಬರೆದುಕೊಂಡಿರುತ್ತಾಳೆ. ಸಾಲದ ಮನೆಯ ಹುಡುಗನೊಬ್ಬ ದುಡಿಯಲು ಪಟ್ಟಣಕ್ಕೆ ಹೋಗಿಬಿಡುತ್ತಾನೆ. ಅವನನ್ನು ಕರೆತರಲು ಬಸ್ ಚಾರ್ಜಿಗೆ ಎಷ್ಟು ಬೇಕು, ಅದಕ್ಕೆ ಎಷ್ಟು ಇಟ್ಟಿಗೆ ಹೊರಬೇಕು ಎಂದು ಇಡೀ ತರಗತಿ ಬೋರ್ಡಿನ ಮೇಲೆ ಲೆಕ್ಕ ಹಾಕುತ್ತದೆ. ಮಕ್ಕಳು ಮೈಯೆಲ್ಲ ಕಣ್ಣಾಗಿ ಕೂತು ಗಣಿತ ಕಲಿಯುವುದು ಆ ಗಳಿಗೆಯಲ್ಲೇ.

ಮಿಂಝಿ ಏನೂ ಆದರ್ಶ ಶಿಕ್ಷಕಿಯಲ್ಲ. ಮೇಷ್ಟ್ರು ವಾಪಸು ಬರುವವರೆಗೆ ಒಂದು ಮಗುವೂ ಕಡಿಮೆಯಾಗದಿದ್ದರೆ ಅವಳಿಗೆ ಹತ್ತು ಯುವಾನ್ ಹೆಚ್ಚಿಗೆ ಸಿಗುತ್ತದೆ, ಅದಕ್ಕೇ ಅವಳ ಓಡಾಟ. ಈ ಪ್ರಾಮಾಣಿಕತೆಗೇ ನಾನು ಮಾರುಹೋದದ್ದು. ಪಾತ್ರ ಮಾಡಿದವರೂ ವೃತ್ತಿ ನಟರಲ್ಲ. ವೆನಿಸ್ ಉತ್ಸವದಲ್ಲಿ ಚಿತ್ರಕ್ಕೆ ಗೋಲ್ಡನ್ ಲಯನ್ ಸಿಕ್ಕಿತು.

ಕನ್ನಡದಲ್ಲಿ ಹಾಗೆ ಲೆಕ್ಕ ಕೊಡುವ ಚಿತ್ರ ಇದೆಯೇ?

ಇದೆ, ಅದೂ ಎಲ್ಲರೂ ನೋಡಿರುವ ಚಿತ್ರ. ಎನ್. ಲಕ್ಷ್ಮೀನಾರಾಯಣ್ ಅವರ 'ಬೆಟ್ಟದ ಹೂವು' (1985). ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿಯಿಂದ ಬಂದ ಕಥೆ, ಆದರೆ ತೆರೆಯ ಮೇಲೆ ಪೂರ್ತಿ ನಮ್ಮದಾಗಿದೆ. ರಾಮುವಿನ ಪಾತ್ರಕ್ಕೆ ಪುನೀತ್ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು.

ಹುಡುಗನಿಗೆ ಓದುವ ಹುಚ್ಚು. ಮನೆಯಲ್ಲಿ ದುಡ್ಡಿಲ್ಲ, ದುಡಿಯಲೇಬೇಕು. ಬೆಟ್ಟ ಹತ್ತಿ ಆರ್ಕಿಡ್ ಹೂ ಹುಡುಕಿ ತಂದು ವಿದೇಶಿ ಹೆಂಗಸೊಬ್ಬರಿಗೆ ಕೊಡುತ್ತಾನೆ, ಅವರು ಕೊಡುವ ಚಿಲ್ಲರೆ ಕೂಡಿಡುತ್ತಾನೆ. ಯಾಕೆಂದರೆ ಅಂಗಡಿಯಲ್ಲಿ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಇದೆ, ಅದು ಅವನಿಗೆ ಬೇಕು. ಹಣ ಸೇರುತ್ತದೆ. ಮಲೆನಾಡಿನ ಚಳಿ, ಮಳೆ ಎರಡೂ ಅಲ್ಲೇ ಇವೆ. ಕೊನೆಗೆ ಅವನು ತರುವುದು ಪುಸ್ತಕವಲ್ಲ, ಮನೆಯವರು ಹೊದೆಯಲು ಕಂಬಳಿ.

ಇದನ್ನು ನೋಡಿದವರು 'ಎಂಥ ಗುಣವಂತ ಹುಡುಗ, ಎಂಥ ತ್ಯಾಗ' ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಶಾಲೆಗಳಲ್ಲೂ ಹಾಗೇ ಹೇಳಿಕೊಟ್ಟಿದ್ದಾರೆ. ನನಗೆ ಈ ತ್ಯಾಗದ ಮಾತು ಕೇಳಿದರೆ ಮೈ ಉರಿಯುತ್ತದೆ. ಕಂಬಳಿಯೋ ಪುಸ್ತಕವೋ ಎಂದು ಆರಿಸುವ ಸ್ಥಿತಿಗೆ ಹತ್ತು ವರ್ಷದ ಹುಡುಗನನ್ನು ತಂದು ನಿಲ್ಲಿಸಿದ್ದು ಯಾರು ಎಂಬುದು ಆ ಚಿತ್ರದ ಪ್ರಶ್ನೆ. ಅನುಕೂಲಸ್ಥರ ಮನೆಯ ಹುಡುಗನಿಗೆ ಕಂಬಳಿಯೂ ಇರುತ್ತದೆ, ಪುಸ್ತಕವೂ ಇರುತ್ತದೆ, ತ್ಯಾಗ ಮಾಡುವ ಪ್ರಸಂಗವೇ ಬರುವುದಿಲ್ಲ. ಲಕ್ಷ್ಮೀನಾರಾಯಣ್ ಹುಡುಗನನ್ನು ಹೊಗಳಲು ನಿಲ್ಲುವುದಿಲ್ಲ. ಬಡತನ ಅವನಿಂದ ಏನು ವಸೂಲಿ ಮಾಡಿತು ಎಂದು ತೋರಿಸುತ್ತಾರೆ. ಹೊಗಳಿಕೆ ನಾವು ಸೇರಿಸಿದ್ದು.

'ಹಿಂದಿ ಮೀಡಿಯಂ' ಚಿತ್ರದಲ್ಲಿ ತೋರಿಸಿದಂತೆ ನಿಜವಾಗಿಯೂ ಬಡವರ ಕೋಟಾ ಇದೆಯೇ?

ಇದೆ. ಸಂವಿಧಾನಕ್ಕೆ 2002ರ 86ನೇ ತಿದ್ದುಪಡಿಯಿಂದ, ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸುವ 21ಎ ವಿಧಿ ಸೇರಿತು. ಅದರ ಬೆನ್ನಿಗೆ 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 12(1)(ಸಿ) ಕಲಂ ಪ್ರಕಾರ ಅನುದಾನವಿಲ್ಲದ ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ಸುತ್ತಮುತ್ತಲಿನ ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು. ಶಾಲೆಗೆ ಆ ಖರ್ಚನ್ನು ಸರ್ಕಾರ ಒಂದು ಮಿತಿಯವರೆಗೆ ತುಂಬಿಕೊಡುತ್ತದೆ. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಅನ್ನು ಎತ್ತಿಹಿಡಿಯಿತು, ಅನುದಾನವಿಲ್ಲದ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು.

ಸಾಕೇತ್ ಚೌಧರಿ ಅವರ 'ಹಿಂದಿ ಮೀಡಿಯಂ' (2017) ಈ ಕಾಯ್ದೆಯ ಸುತ್ತ ಹೆಣೆದ ಕಥೆ. ಚಾಂದನಿ ಚೌಕಿನ ಬಟ್ಟೆ ವ್ಯಾಪಾರಿ ರಾಜ್ ಬತ್ರಾಗೆ (ಇರ್ಫಾನ್ ಖಾನ್) ಹಣಕ್ಕೆ ಕೊರತೆಯಿಲ್ಲ, ಇಂಗ್ಲಿಷ್ ಬರುವುದಿಲ್ಲ. ಮಗಳಿಗೆ ದೊಡ್ಡ ಶಾಲೆಯ ಸೀಟು ಬೇಕೆಂದು ಬಡವನ ವೇಷ ಹಾಕಿ ಕೊಳೆಗೇರಿಗೆ ಬಂದು ಇರುತ್ತಾನೆ. ಸೀಟು ಸಿಕ್ಕಮೇಲೂ ಶಾಲೆ ಇತರೆ ಚಟುವಟಿಕೆ ಎಂದು ಬೇರೆ ಹಣ ಕೇಳುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದಂತೆ. ಆಗ ಪಕ್ಕದ ಮನೆಯ ಶ್ಯಾಮ್ ಪ್ರಕಾಶ್ (ದೀಪಕ್ ದೋಬ್ರಿಯಾಲ್), ಈ ಸ್ನೇಹಿತನಿಗೆ ಹಣ ಹೊಂದಿಸಲು ಬೇಕೆಂದೇ ಕಾರಿನ ಮುಂದೆ ಹೋಗಿ ಬೀಳುತ್ತಾನೆ. ನನ್ನ ಮಟ್ಟಿಗೆ ಇಡೀ ಚಿತ್ರದ ತೂಕ ಆ ಒಂದು ದೃಶ್ಯದಲ್ಲಿದೆ.

ಕರ್ನಾಟಕದಲ್ಲಿ ಈಗ ಆ ಕಥೆ ನಡೆಯಲು ಸಾಧ್ಯವೇ?

ಬಹುಪಾಲು ಇಲ್ಲ. 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿ ಖಾಸಗಿ ಶಾಲೆಯ ಆರ್‌ಟಿಇ ಸೀಟು ಕೇಳುವಂತಿಲ್ಲ ಎಂದಾಯಿತು. ನಮ್ಮಲ್ಲಿ ಊರಿಗೊಂದು ಸರ್ಕಾರಿ ಶಾಲೆ ಇರುವುದರಿಂದ ಸೀಟುಗಳು ಒಮ್ಮೆಲೇ ಕುಸಿದವು. ಸರ್ಕಾರಿ ಶಾಲೆ ಉಳಿಸಲು ಇದು ಬೇಕಿತ್ತು ಎನ್ನುವವರ ಮಾತಿನಲ್ಲೂ ಹುರುಳಿದೆ, ಖಾಸಗಿ ಶಾಲೆಗೆ ಮಕ್ಕಳ ಜೊತೆ ಸರ್ಕಾರದ ದುಡ್ಡೂ ಹೋಗುತ್ತಿತ್ತಲ್ಲ. ಆದರೆ ಆ ನಿಯಮ ಬರೆದವರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ತಪ್ಪು ಹೇಳಲಾರೆ. ಈ ಬದಲಾವಣೆಯ ಮೇಲೊಂದು ಕನ್ನಡ ಚಿತ್ರ ಬರಬೇಕಿತ್ತು.

'ಹಿಂದಿ ಮೀಡಿಯಂ' ಬಗ್ಗೆ ನಿಮ್ಮ ತಕರಾರು ಏನು? ಕೊನೆಗೆ ಅವನು ಮಗಳನ್ನು ಸರ್ಕಾರಿ ಶಾಲೆಗೇ ಸೇರಿಸುತ್ತಾನಲ್ಲ?

ಸೇರಿಸುತ್ತಾನೆ, ಶಾಲೆಗೆ ಹಣವನ್ನೂ ಕೊಡುತ್ತಾನೆ. ತಕರಾರು ಇಷ್ಟೇ: ಬಡವರ ಕೋಟಾದ ಲಾಟರಿಯಲ್ಲಿ ಸೀಟು ತಪ್ಪಿದ್ದು ಶ್ಯಾಮ್‌ನ ಮಗನಿಗೆ, ಆದರೆ ಕೊನೆಯವರೆಗೂ ನಾವು ನೋಡುವುದು ರಾಜ್‌ನ ಪಶ್ಚಾತ್ತಾಪವನ್ನು. ಬಡವರ ಸೀಟು ಕಿತ್ತುಕೊಂಡ ಶ್ರೀಮಂತ ಒಳ್ಳೆಯವನಾದ ಎಂಬಲ್ಲಿಗೆ ಕಥೆ ಸುಖಾಂತ್ಯ. ಆ ಹುಡುಗನಿಗೆ ಏನನಿಸಿತು ಎಂದು ಚಿತ್ರ ಕೇಳುವುದಿಲ್ಲ. ಸರ್ಕಾರಿ ಶಾಲೆ ಸರಿಹೋಗಲು ದಾನಿಯೊಬ್ಬ ಬರಬೇಕು ಎಂಬ ನಂಬಿಕೆ ಬೇರೆ. ಅದು ದಾನದ ವಿಷಯವಾಗಿದ್ದರೆ ಹಕ್ಕಿನ ಕಾಯ್ದೆ ಯಾಕೆ ಬೇಕಿತ್ತು?

ಈ ಚಿತ್ರಗಳಲ್ಲಿ ಎಲ್ಲರೂ ಯಾಕೆ ಮೋಸ ಮಾಡುತ್ತಾರೆ? ತಪ್ಪು ಸಂದೇಶವಲ್ಲವೇ?

ಒಳ್ಳೆಯ ಪ್ರಶ್ನೆ. ಪಟ್ಟಿ ನಿಜಕ್ಕೂ ಉದ್ದ ಇದೆ. ದಕ್ಷಿಣ ಕೊರಿಯಾದ 'ಪ್ಯಾರಸೈಟ್' (2019) ಶುರುವಾಗುವುದೇ ಸುಳ್ಳು ಸರ್ಟಿಫಿಕೇಟಿನಿಂದ. ಅರೆನೆಲಮಾಳಿಗೆಯ ಮನೆಯ ಹುಡುಗನಿಗೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಹಲವು ಬಾರಿ ಬರೆದರೂ ಸೀಟು ಸಿಕ್ಕಿಲ್ಲ. ತಂಗಿ ಕಂಪ್ಯೂಟರಿನಲ್ಲಿ ದಾಖಲೆ ತಯಾರಿಸಿಕೊಡುತ್ತಾಳೆ, ಅವನು ಶ್ರೀಮಂತರ ಮನೆಗೆ ಟ್ಯೂಷನ್ ಮೇಷ್ಟ್ರಾಗಿ ಹೋಗುತ್ತಾನೆ. ಇದು ಮೋಸವೇ ಅಲ್ಲ, ಮುಂದಿನ ವರ್ಷ ಹೇಗೂ ಅಲ್ಲಿಗೇ ಸೇರುತ್ತೇನೆ ಎನ್ನುವುದು ಅವನ ಸಮಜಾಯಿಷಿ. ಸುಧೀರ್ ಮಿಶ್ರಾ ಅವರ 'ಸೀರಿಯಸ್ ಮೆನ್' (2020) ಚಿತ್ರದಲ್ಲಿ ಮುಂಬೈಯ ದಲಿತ ಗುಮಾಸ್ತನೊಬ್ಬ ಮಗನನ್ನು ಮಹಾಮೇಧಾವಿ ಎಂದು ಊರಿಗೆಲ್ಲ ನಂಬಿಸುತ್ತಾನೆ. ಮಗ ಹೇಳುವುದೆಲ್ಲ ಕಿವಿಯೊಳಗಿನ ಯಂತ್ರದಲ್ಲಿ ಅಪ್ಪ ಹೇಳಿಕೊಟ್ಟದ್ದು.

ಆದರೆ ಈ ವಿಷಯದಲ್ಲಿ ಎಲ್ಲಕ್ಕಿಂತ ಚುರುಕಾದ ಚಿತ್ರ ಥಾಯ್ಲೆಂಡಿನ 'ಬ್ಯಾಡ್ ಜೀನಿಯಸ್' (2017). ನಾಯಕಿ ಲಿನ್ ಮೇಷ್ಟ್ರ ಮಗಳು. ಹೊಸ ಶಾಲೆಯ ಸಂದರ್ಶನದಲ್ಲಿ ಕೂತಲ್ಲೇ ಬಾಯಿಲೆಕ್ಕ ಹಾಕುತ್ತಾಳೆ: ಇಲ್ಲಿಗೆ ಸೇರಿದರೆ ಓಡಾಟಕ್ಕೆ ಎಷ್ಟು, ಊಟಕ್ಕೆ ಎಷ್ಟು, ಹಳೆಯ ಶಾಲೆಗಿಂತ ಅಪ್ಪನಿಗೆ ಎಷ್ಟು ಹೆಚ್ಚಿನ ಹೊರೆ. ಮುಖ್ಯೋಪಾಧ್ಯಾಯಿನಿ ಬೆರಗಾಗಿ ಫೀಸು, ಊಟ ಎರಡನ್ನೂ ಮಾಫಿ ಮಾಡುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಆ ಶಾಲೆ ಅಪ್ಪನ ಹತ್ತಿರ ಒಳಗಿಂದೊಳಗೆ ದೊಡ್ಡ ಮೊತ್ತ ತೆಗೆದುಕೊಂಡಿದೆ. ಅಲ್ಲಿ ಅದಕ್ಕೆ ಚಹದ ದುಡ್ಡು ಎನ್ನುತ್ತಾರೆ. ನಮ್ಮಲ್ಲಿ ಡೊನೇಷನ್. ಅಲ್ಲಿಂದ ಮುಂದೆ ಅವಳು ಶ್ರೀಮಂತ ಸಹಪಾಠಿಗಳಿಗೆ ಉತ್ತರ ಮಾರತೊಡಗಿದರೆ ನಮಗೆ ಅವಳ ಮೇಲೆ ಸಿಟ್ಟು ಬರುವುದಿಲ್ಲ. ಪಿಯಾನೋ ನುಡಿಸುವಂತೆ ಬೆರಳಾಡಿಸಿ ಉತ್ತರ ಹೇಳುವ ಆ ದೃಶ್ಯ ಬ್ಯಾಂಕ್ ದರೋಡೆಯ ಚಿತ್ರದಷ್ಟು ಉಸಿರು ಬಿಗಿ ಹಿಡಿಸುತ್ತದೆ.

ಕೊನೆಯಲ್ಲಿ ಬೆಲೆ ತೆರುವವರು ಯಾರು ನೋಡಿ. ಬಟ್ಟೆ ಒಗೆಯುವ ಅಂಗಡಿಯವಳ ಮಗ, ಬ್ಯಾಂಕ್ ಎಂಬುದು ಅವನ ಹೆಸರು, ಚಿತ್ರದ ಮೊದಲರ್ಧದಲ್ಲಿ ಎಲ್ಲರಿಗಿಂತ ಪ್ರಾಮಾಣಿಕನಾಗಿದ್ದ ಹುಡುಗ, ಸಿಕ್ಕಿಬಿದ್ದು ಶಾಲೆಯಿಂದ ಹೊರಬೀಳುತ್ತಾನೆ. ದುಡ್ಡು ಕೊಟ್ಟು ಉತ್ತರ ಕೊಂಡವರಿಗೆ ಅಷ್ಟರ ಮಟ್ಟಿನ ಏಟು ಬೀಳುವುದಿಲ್ಲ. ಬಡವನು ಮಾಡಿದರೆ ಮೋಸ, ಉಳ್ಳವನು ಮಾಡಿದರೆ ವ್ಯವಸ್ಥೆ. ಸಂದೇಶ ತಪ್ಪು ಎನ್ನುವವರು ಇದಕ್ಕೇನು ಹೇಳುತ್ತಾರೋ.

'3 ಈಡಿಯಟ್ಸ್' ಈ ಪಟ್ಟಿಗೆ ಸೇರುತ್ತದೆಯೇ? ಅದು ಅಂಕದ ಹಿಂದೆ ಓಡಬೇಡಿ ಎನ್ನುವ ಚಿತ್ರ ಅಲ್ಲವೇ?

ಸೇರುತ್ತದೆ. ಆಮಿರ್ ಖಾನ್ ಪಾತ್ರದ ನಿಜ ಸಂಗತಿ ನೆನಪಿಸಿಕೊಳ್ಳಿ. ರಾಂಚೋ ಎಂಬುವನು ಶ್ರೀಮಂತ ಮನೆಯ ಮಗನೇ ಅಲ್ಲ, ಆ ಮನೆಯ ತೋಟದ ಮಾಲಿಯ ಮಗ. ಯಜಮಾನರ ಮಗನ ಹೆಸರಿನಲ್ಲಿ ಇವನು ಎಂಜಿನಿಯರಿಂಗ್ ಓದಬೇಕು, ಪರೀಕ್ಷೆ ಬರೆಯಬೇಕು. ಡಿಗ್ರಿ ಮಾತ್ರ ಯಜಮಾನರ ಮಗನ ಮನೆಯ ಗೋಡೆಗೆ. ಆಳಿನ ಮಗನಿಗೆ ವಿದ್ಯೆ, ಧಣಿಯ ಮಗನಿಗೆ ಸರ್ಟಿಫಿಕೇಟು. ವರ್ಗಭೇದದ ಬಗ್ಗೆ ಇದಕ್ಕಿಂತ ಕಟುವಾದ ಕಥಾವಸ್ತು ಜನಪ್ರಿಯ ಹಿಂದಿ ಚಿತ್ರದಲ್ಲಿ ನಾನು ಕಂಡಿಲ್ಲ. ಚಿತ್ರ ಅದನ್ನು ಒಂದು ತಮಾಷೆಯ ತಿರುವಾಗಿ ಬಳಸಿ ಮುಂದೆ ಓಡುತ್ತದೆ, ವಿದ್ಯೆ ಮುಖ್ಯ, ಡಿಗ್ರಿ ಯಾಕೆ ಎಂಬ ತತ್ವ ಹೇಳುತ್ತದೆ. ಡಿಗ್ರಿ ಯಾಕೆ ಎನ್ನುವ ಧೈರ್ಯ ಯಾರಿಗಿರುತ್ತದೆ? ಆ ಗುಂಪಿನಲ್ಲೇ ಇರುವ ರಾಜುವಿಗಂತೂ ಇಲ್ಲ. ಕಾಯಿಲೆಯ ಅಪ್ಪ, ಮದುವೆಯಾಗದ ಅಕ್ಕ, ಅವನೊಬ್ಬನ ಸಂಬಳಕ್ಕೆ ಕಾದ ಮನೆ. ಆ ಮನೆಯನ್ನೂ ಹಳೆಯ ಕಪ್ಪುಬಿಳುಪು ಚಿತ್ರದ ಅಣಕದಂತೆ ತೋರಿಸಿ ನಗಿಸಿದ್ದಾರೆ. ಅಂದಹಾಗೆ, ಚಿತ್ರದ ಎಂಜಿನಿಯರಿಂಗ್ ಕಾಲೇಜಾಗಿ ಕಾಣುವುದು ನಮ್ಮ ಬೆಂಗಳೂರಿನ ಐಐಎಂ ಆವರಣ.

ಬಡ ಹುಡುಗ ಗೆದ್ದ ಕಥೆ ಸ್ಫೂರ್ತಿ ಕೊಡುತ್ತದೆ. ಅದರಲ್ಲೂ ಕೊಂಕು ಹುಡುಕುವುದೇಕೆ?

ಸ್ಫೂರ್ತಿ ಬೇಡ ಎನ್ನುತ್ತಿಲ್ಲ. ಗೆದ್ದ ಒಬ್ಬನನ್ನು ತೋರಿಸಿ ಉಳಿದವರ ಸೋಲಿಗೆ ಅವರನ್ನೇ ಹೊಣೆ ಮಾಡುವ ಚಾಳಿ ಬೇಡ. ಪಾಟ್ನಾದ ಆನಂದ್ ಕುಮಾರ್ 2002ರಲ್ಲಿ ಶುರು ಮಾಡಿದ ಉಚಿತ ಐಐಟಿ ತರಬೇತಿಯ ಕಥೆ 'ಸೂಪರ್ 30' (2019). ಕೇಂಬ್ರಿಡ್ಜ್‌ನಲ್ಲಿ ಸೀಟು ಸಿಕ್ಕರೂ ಹೋಗಲು ಹಣವಿಲ್ಲದೆ, ಅಮ್ಮ ಮಾಡಿದ ಹಪ್ಪಳವನ್ನು ಬೀದಿಯಲ್ಲಿ ಮಾರುವ ಭಾಗ ಚೆನ್ನಾಗಿದೆ. ನಂತರ ಚಿತ್ರಕ್ಕೆ ನಾಯಕನ ವಿಜೃಂಭಣೆಯೇ ಮುಖ್ಯವಾಗುತ್ತದೆ. ಹೃತಿಕ್ ರೋಷನ್ ಮುಖಕ್ಕೆ ಕಪ್ಪು ಬಳಿದು ಬಡವನನ್ನಾಗಿ ಮಾಡಿದ್ದನ್ನು ಆಗಲೇ ಹಲವರು ಟೀಕಿಸಿದರು. ಬಡತನ ಎಂದರೆ ಮೈಬಣ್ಣ ಎಂದು ನಂಬಿದವರು ಮಾತ್ರ ಹಾಗೆ ಮೇಕಪ್ ಮಾಡಿಸಿಯಾರು. ಮೂವತ್ತು ಸೀಟಿಗೂ ಒಂದು ಪ್ರವೇಶ ಪರೀಕ್ಷೆ ಇದೆ, ಅದರಲ್ಲಿ ಬೀಳುವವರು ಮನೆಗೆ ಹೋಗುತ್ತಾರೆ. ಅವರು ಎಲ್ಲಿ ಹೋದರು ಎಂದು ಕ್ಯಾಮೆರಾ ತಿರುಗಿ ನೋಡುವುದಿಲ್ಲ.

ಈ ದೃಷ್ಟಿಯಿಂದ ವಿಧು ವಿನೋದ್ ಚೋಪ್ರಾ ಅವರ '12ತ್ ಫೇಲ್' (2023) ಒಂದು ಕೈ ಮೇಲು. ಚಂಬಲ್ ಸೀಮೆಯ ಹುಡುಗ ದೆಹಲಿಯಲ್ಲಿ ಹಿಟ್ಟಿನ ಗಿರಣಿಯಲ್ಲಿ ಹಗಲೆಲ್ಲ ದುಡಿದು ರಾತ್ರಿ ಅಲ್ಲೇ ಯುಪಿಎಸ್‌ಸಿ ಪರೀಕ್ಷೆಗೆ ಓದುತ್ತಾನೆ. ಓದಲು ಅವನಿಗೆ ಸಿಗುವ ಗಂಟೆ ಎಷ್ಟು, ಮಲಗಲು ಸಿಗುವ ಗಂಟೆ ಎಷ್ಟು ಎಂಬುದು ಅಲ್ಲಿ ಸ್ಪಷ್ಟ. ಸೋತವನೂ ಚಿತ್ರದಲ್ಲಿದ್ದಾನೆ: ಕೊನೆಯ ಪ್ರಯತ್ನವೂ ಕೈಕೊಟ್ಟ ಗೌರಿ ಭೈಯಾ ಚಹದಂಗಡಿ ಇಟ್ಟುಕೊಂಡು ಹೊಸ ಹುಡುಗರಿಗೆ ದಾರಿ ತೋರಿಸುತ್ತಾನೆ. ಪೇಪರಿನಲ್ಲಿ ಫೋಟೊ ಬರುವುದು ಗೆದ್ದವನದು. ದೆಹಲಿಯ ಮುಖರ್ಜಿ ನಗರದಲ್ಲಾಗಲಿ ನಮ್ಮ ಬೆಂಗಳೂರಿನ ವಿಜಯನಗರ, ಧಾರವಾಡದ ಕೋಚಿಂಗ್ ಬೀದಿಗಳಲ್ಲಾಗಲಿ ಹೆಚ್ಚಿಗೆ ಇರುವವರು ಗೌರಿ ಭೈಯಾಗಳೇ.

ನೀವು ವರ್ಗ ಎನ್ನುತ್ತೀರಿ. ನಮ್ಮಲ್ಲಿ ಅದು ಜಾತಿಯ ಪ್ರಶ್ನೆ ಅಲ್ಲವೇ?

ಹೌದು, ಬಿಡಿಸಿ ನೋಡಲು ಆಗುವುದಿಲ್ಲ. 'ಬಡವರು' ಎಂದು ಹೇಳಿ ಜಾತಿಯ ಮಾತು ತಪ್ಪಿಸಿಕೊಳ್ಳುವುದು ಹಿಂದಿ ಚಿತ್ರಗಳ ಹಳೆಯ ಉಪಾಯ. ತಮಿಳು, ಮರಾಠಿ ಚಿತ್ರಗಳು ಅದನ್ನು ಮುರಿದವು.

ನಾಗರಾಜ ಮಂಜುಳೆ ಅವರ 'ಫ್ಯಾಂಡ್ರಿ' (2013) ಮರಾಠಿಯದು. ಜಬ್ಯಾ ಶಾಲೆಗೆ ಹೋಗುವ ಹುಡುಗ, ಅವನ ಕುಟುಂಬಕ್ಕೆ ಊರಿನವರು ಹೇಳುವ ಕೆಲಸ ಹಂದಿ ಹಿಡಿಯುವುದು. ಶಾಲೆಯ ಪಕ್ಕದಲ್ಲೇ ಹಂದಿಯ ಬೆನ್ನಟ್ಟಿರುವಾಗ ಒಳಗಿನಿಂದ ರಾಷ್ಟ್ರಗೀತೆ ಕೇಳುತ್ತದೆ. ಮನೆಮಂದಿಯೆಲ್ಲ ಇದ್ದಲ್ಲೇ ನೆಟ್ಟಗೆ ನಿಲ್ಲುತ್ತಾರೆ. ಗೀತೆ ಮುಗಿಯುತ್ತದೆ, ಮತ್ತೆ ಓಟ. ಹಿಡಿದ ಹಂದಿಯನ್ನು ಹೊತ್ತು ಸಾಗುವಾಗ ಹಿಂದೆ ಶಾಲೆಯ ಗೋಡೆ, ಅದರ ಮೇಲೆ ಅಂಬೇಡ್ಕರ್ ಚಿತ್ರ. ಒಂದು ಮಾತೂ ಇಲ್ಲ. ಜೊತೆಯ ಹುಡುಗರು ಕೂತು ನೋಡಿ ನಗುತ್ತಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಶಾಲೆ ಮಾತ್ರ ಅವನದಲ್ಲ.

ಇನ್ನೊಂದು ಜೋಡಿ ನೋಡಿ. ವೆಟ್ರಿಮಾರನ್ ಅವರ ತಮಿಳಿನ 'ಅಸುರನ್' (2019) ಕೊನೆಯಲ್ಲಿ ಅಪ್ಪ ಮಗನಿಗೆ ಹೇಳುವುದರ ಸಾರ: ಜಮೀನಿದ್ದರೆ ಕಿತ್ತುಕೊಳ್ಳುತ್ತಾರೆ, ಹಣವಿದ್ದರೆ ಕಸಿಯುತ್ತಾರೆ, ವಿದ್ಯೆಯನ್ನು ಮಾತ್ರ ಯಾರೂ ಕಸಿಯಲಾರರು. ಅದಕ್ಕೂ ಒಂದು ವರ್ಷ ಮೊದಲೇ ಬಂದ ಮಾರಿ ಸೆಲ್ವರಾಜ್ ಅವರ 'ಪರಿಯೇರುಂ ಪೆರುಮಾಳ್' ಅದೇ ಮಾತನ್ನು ಮುಂಚೆಯೇ ಪ್ರಶ್ನಿಸಿದಂತಿದೆ. ತಿರುನೆಲ್ವೇಲಿಯ ಕಾನೂನು ಕಾಲೇಜಿಗೆ ಸೇರಿದ ಹುಡುಗನಿಗೆ ಇಂಗ್ಲಿಷಿನ ಪಾಠ ಒಂದಕ್ಷರ ತಲೆಗೆ ಹೋಗುವುದಿಲ್ಲ. ಕಲಿಸಲು ಮುಂದೆ ಬರುವ ಗೆಳತಿ ಮೇಲ್ಜಾತಿಯವಳು, ಆ ಸ್ನೇಹಕ್ಕಾಗಿಯೇ ಅವನ ಮೇಲೆ ಹಲ್ಲೆ. ಕಾಲೇಜಿನ ಬಾಗಿಲು ದಾಟಿದರೂ ಒಳಗೆ ಕೂರಲು ಬಿಡದವರಿದ್ದಾರೆ. ಎರಡನ್ನೂ ನಾನು ಒಟ್ಟಿಗೇ ನೋಡಿ ಎನ್ನುತ್ತೇನೆ, ಅದೂ ಇದೇ ಕ್ರಮದಲ್ಲಿ.

ಕನ್ನಡದಲ್ಲಿ ಪೃಥ್ವಿ ಕೊಣನೂರು ಅವರ 'ಹದಿನೇಳೆಂಟು' (2022) ಇದೇ ಹಾದಿಯದು. ಕಾಲೇಜಿನಲ್ಲಿ ಒಂದೇ ತಪ್ಪಿಗೆ ಸಿಕ್ಕಿಬಿದ್ದ ಹುಡುಗ, ಹುಡುಗಿ. ಜಾತಿಯೂ ಬೇರೆ, ಮನೆಯ ಅನುಕೂಲವೂ ಬೇರೆ. ಆಡಳಿತ ಮಂಡಳಿಯ ಮೇಜಿನ ಮುಂದೆ ಆ ವ್ಯತ್ಯಾಸ ಹೇಗೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ ಎಂಬುದೇ ಚಿತ್ರ. ಅದು ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವ ಇಫಿಯ ಇಂಡಿಯನ್ ಪನೋರಮಾ ವಿಭಾಗದ ಉದ್ಘಾಟನಾ ಚಿತ್ರವಾಗಿತ್ತು. ಊರಿನ ಥಿಯೇಟರಿನಲ್ಲಿ ನೋಡಿದವರು ಎಷ್ಟು ಮಂದಿಯೋ.

'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಭಾಷೆಯ ಚಿತ್ರವೋ, ಬಡವರ ಶಾಲೆಯ ಚಿತ್ರವೋ?

ರಿಷಬ್ ಶೆಟ್ಟಿ ಅದನ್ನು ಭಾಷೆಯ ಚಿತ್ರವಾಗಿ ಮಾಡಿದ್ದಾರೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆ, ಅಲ್ಲಿಗೆ ಬರುವ ಮಲಯಾಳಂ ಮೇಷ್ಟ್ರು, ಮಕ್ಕಳ ಹೋರಾಟ, ಮೈಸೂರಿನಿಂದ ಬರುವ ಅನಂತ್ ನಾಗ್. 2018ರಲ್ಲಿ ಜನ ಮುಗಿಬಿದ್ದು ನೋಡಿದರು, ಅತ್ಯುತ್ತಮ ಮಕ್ಕಳ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯೂ ಬಂತು. ನಗಿಸುತ್ತಲೇ ಇರುವ ಚಿತ್ರ, ನನಗೂ ಇಷ್ಟ.

ಆದರೆ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿದದ್ದು ಬರೀ ಮಲಯಾಳಂನಿಂದಲೇ? ಅನುಕೂಲವಿದ್ದ ಕನ್ನಡಿಗರು ಗಡಿಯ ಎರಡೂ ಕಡೆ ಮಕ್ಕಳನ್ನು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸಿದ್ದಾರೆ. ಸರ್ಕಾರಿ ಶಾಲೆಯಲ್ಲಿ ಉಳಿದವರು ಬೇರೆ ದಾರಿ ಇಲ್ಲದವರು. ಚಪ್ಪಾಳೆ ಹೊಡೆದ ನಾವು ಸಿನಿಮಾ ಮುಗಿಸಿ ಮನೆಗೆ ಬಂದು ಮಗುವಿನ ಇಂಗ್ಲಿಷ್ ಡೈರಿಗೆ ಸಹಿ ಹಾಕಿದೆವು. ತಾಯ್ನುಡಿಯಲ್ಲೇ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಹೊರಟ ಕರ್ನಾಟಕದ ನೀತಿಯನ್ನು 2014ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮಾಧ್ಯಮದ ಆಯ್ಕೆ ಪೋಷಕರದು ಎಂದಿತು. ಆ ಆಯ್ಕೆ ಫೀಸು ಕಟ್ಟಲು ಆಗುವವರಿಗೆ ಮಾತ್ರ. ಈ ಇರಿತ ಚಿತ್ರದಲ್ಲಿ ಇದ್ದಿದ್ದರೆ ಅಷ್ಟು ಹಿತವಾಗಿ ನೋಡಲು ಆಗುತ್ತಿರಲಿಲ್ಲವೇನೋ.

ಕಾಲೇಜಿನ ಕನ್ನಡ ಚಿತ್ರಗಳು ರಾಶಿ ಇವೆಯಲ್ಲ, ಅವುಗಳಲ್ಲಿ?

ಕ್ಯಾಂಟೀನು, ಎಲೆಕ್ಷನ್ನು, ಹಾಡು ಇರುತ್ತವೆ. ಫೀಸಿನ ರಸೀದಿ ಇರುವುದಿಲ್ಲ.

ಕ್ಯಾಪಿಟೇಷನ್, ಅಂದರೆ ಸೀಟಿಗಾಗಿ ಫೀಸಿನ ಮೇಲೆ ವಸೂಲಿ ಮಾಡುವ ಹಣ, ಎಂದರೆ ದೇಶಕ್ಕೆ ನೆನಪಾಗುತ್ತಿದ್ದದ್ದು ಕರ್ನಾಟಕವೇ. ಅದನ್ನು ನಿಷೇಧಿಸುವ ಕಾಯ್ದೆ 1984ರಲ್ಲೇ ಬಂತು. 1989ರ ಸರ್ಕಾರಿ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ವರ್ಷದ ಫೀಸು ಸರ್ಕಾರಿ ಸೀಟಿಗೆ 2,000, ರಾಜ್ಯದ ಇತರರಿಗೆ 25,000, ಹೊರ ರಾಜ್ಯದವರಿಗೆ 60,000 ರೂಪಾಯಿ ಎಂದು ಗೊತ್ತುಮಾಡಿತ್ತು. ಅದನ್ನು ಕಟ್ಟಲಾಗದ ಉತ್ತರ ಪ್ರದೇಶದ ವಿದ್ಯಾರ್ಥಿನಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದೇ 1992ರ ಮೋಹಿನಿ ಜೈನ್ ಪ್ರಕರಣ. ಶಿಕ್ಷಣ ಪಡೆಯುವುದು ಹಕ್ಕು ಎಂದು ಕೋರ್ಟ್ ಮೊದಲು ಸಾರಿದ್ದು ಅದರಲ್ಲಿ. ಹೀಗೆ ನಮ್ಮ ಮಣ್ಣಿನಲ್ಲೇ ನಡೆದ ಕಥೆ, ಕೋರ್ಟ್ ದೃಶ್ಯಗಳ ಸಮೇತ ಸಿದ್ಧವಾಗಿ ಕೂತಿದೆ. ಮುಟ್ಟಿದವರನ್ನು ಕಾಣೆ.

ತಾಯಂದಿರ ಕಥೆ ಬಂದಿದೆಯೇ?

ಅಶ್ವಿನಿ ಅಯ್ಯರ್ ತಿವಾರಿ ಅವರ 'ನಿಲ್ ಬಟೇ ಸನ್ನಾಟಾ'. ಆಗ್ರಾದಲ್ಲಿ ಮನೆಗೆಲಸ ಮಾಡುವ ಚಂದಾ (ಸ್ವರಾ ಭಾಸ್ಕರ್), ಹತ್ತನೇ ಕ್ಲಾಸಿನ ಮಗಳು. ಡಾಕ್ಟರ ಮಗ ಡಾಕ್ಟರ್ ಆಗುತ್ತಾನೆ, ಕೆಲಸದವಳ ಮಗಳು ಕೆಲಸದವಳೇ ಆಗುವುದು ಎಂದು ಮಗಳು ಅಮ್ಮನ ಮುಖಕ್ಕೆ ಹೇಳುತ್ತಾಳೆ. ಅಮ್ಮ ಹೋಗಿ ಮಗಳ ತರಗತಿಗೇ ಸೇರುತ್ತಾಳೆ. ಆ ಮಗಳ ಮಾತು ದುರಹಂಕಾರವಲ್ಲ, ಸುತ್ತಲೂ ಕಂಡದ್ದನ್ನೇ ಹೇಳಿದ್ದು. ತಮಿಳಿನಲ್ಲಿ 'ಅಮ್ಮಾ ಕಣಕ್ಕು', ಮಲಯಾಳಂನಲ್ಲಿ 'ಉದಾಹರಣಂ ಸುಜಾತಾ' ಆಗಿ ಮತ್ತೆ ಬಂತು.

ಮುಂದುವರಿದ ದೇಶಗಳಲ್ಲಿ ಈ ಸಮಸ್ಯೆ ಇಲ್ಲವಲ್ಲ, ಅಲ್ಲಿ ಎಲ್ಲರಿಗೂ ಶಾಲೆ ಉಚಿತ?

ಉಚಿತ ಶಾಲೆಯೊಳಗೇ ದಾರಿ ಕವಲೊಡೆಯುತ್ತದೆ. ಕೆನ್ ಲೋಚ್ ಅವರ 'ಕೆಸ್' (1969) ಇಂಗ್ಲೆಂಡಿನ ಬಾರ್ನ್ಸ್‌ಲಿಯ ಗಣಿ ಊರಿನದು. ಶಾಲೆ ಮುಗಿಸುತ್ತಿರುವ ಬಿಲ್ಲಿಯನ್ನು ಉದ್ಯೋಗಾಧಿಕಾರಿ ಕರೆದು ಮಾತಾಡಿಸುವ ದೃಶ್ಯದಲ್ಲಿ ಆ ಅಧಿಕಾರಿಗೆ ಹುಡುಗನ ಮುಖ ನೋಡಲೂ ಪುರಸೊತ್ತಿಲ್ಲ. ಗಿಡುಗವೊಂದನ್ನು ಹಿಡಿದು ಪಳಗಿಸಿದ ಹುಡುಗನನ್ನು ಶಾಲೆ ಯಾವುದಕ್ಕೂ ಬಾರದವನೆಂದು ಎಂದೋ ಬರೆದುಬಿಟ್ಟಿದೆ. ಫ್ರಾನ್ಸಿನ 'ದಿ ಕ್ಲಾಸ್' (2008) ಪ್ಯಾರಿಸಿನ ಒಂದು ತರಗತಿಯನ್ನು ಬಿಟ್ಟು ಹೆಚ್ಚೇನೂ ಹೊರಬರುವುದಿಲ್ಲ. ವರ್ಷದ ಕೊನೆಯ ದಿನ ಎಲ್ಲರೂ ಹೋದ ಮೇಲೆ ಒಬ್ಬ ಹುಡುಗಿ ಮೇಷ್ಟ್ರ ಹತ್ತಿರ ಬಂದು, ನಾನು ಏನೂ ಕಲಿಯಲಿಲ್ಲ ಎನ್ನುತ್ತಾಳೆ. ತನ್ನನ್ನು ವೃತ್ತಿ ತರಬೇತಿಗೆ ಸಾಗಹಾಕುತ್ತಾರೆ ಎಂಬ ಭಯ ಅವಳಿಗೆ. ಮೇಷ್ಟ್ರ ಹತ್ತಿರ ಉತ್ತರವಿಲ್ಲ.

ನಾನು ಶಿಕ್ಷಕಿ. ತರಗತಿಯಲ್ಲಿ ಯಾವ ಚಿತ್ರ ತೋರಿಸಬಹುದು? ಚರ್ಚೆ ಹೇಗೆ ನಡೆಸಲಿ?

ಚಿಕ್ಕವರಿಗೆ ಇರಾನಿನ ಮಜೀದ್ ಮಜೀದಿ ಅವರ 'ಚಿಲ್ಡ್ರನ್ ಆಫ್ ಹೆವನ್' (1997). ರಿಪೇರಿಗೆ ಒಯ್ದ ತಂಗಿಯ ಬೂಟನ್ನು ಅಣ್ಣ ಕಳೆದುಬಿಡುತ್ತಾನೆ. ಇನ್ನು ಅವನ ಬೂಟೇ ಇಬ್ಬರಿಗೂ. ತಂಗಿಗೆ ಬೆಳಗಿನ ಶಾಲೆ, ಅವನಿಗೆ ಮಧ್ಯಾಹ್ನದ್ದು. ಅವಳು ಓಡಿಬಂದು ಓಣಿಯಲ್ಲಿ ಬೂಟು ಬಿಚ್ಚಿಕೊಟ್ಟ ಮೇಲೆ ಅವನು ಓಡಬೇಕು. ದಿನಾ ತಡ, ದಿನಾ ಬೈಗುಳ. ಬೈಯುವವರಿಗೆ ಕಾರಣ ಗೊತ್ತಿಲ್ಲ, ಅವನು ಹೇಳುವುದೂ ಇಲ್ಲ. ಓಟದ ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಬೂಟು ಎಂದು ಮೂರನೆಯವನಾಗಲು ಓಡಿ ಮೊದಲನೆಯವನಾಗಿ ಅಳುತ್ತಾನೆ. ಮಕ್ಕಳಿಗೆ ಏನನ್ನೂ ವಿವರಿಸಬೇಕಾಗಿಲ್ಲ. ಹೆಚ್ಚೆಂದರೆ, ನಮ್ಮ ತರಗತಿಗೆ ಯಾರಾದರೂ ತಡವಾಗಿ ಬಂದರೆ ಮೊದಲು ಏನು ಕೇಳಬೇಕು ಎಂದು ಕೇಳಿ. ಅದು ನಮಗೇ ಹೆಚ್ಚು ಅನ್ವಯಿಸುವ ಪ್ರಶ್ನೆ.

ಅಮೋಲ್ ಗುಪ್ತೆ ಅವರ 'ಸ್ಟ್ಯಾನ್ಲಿ ಕಾ ಡಬ್ಬಾ' (2011) ಕೂಡ ಚೆಂದ, ಆದರೆ ಜೋಪಾನ. ಊಟದ ಡಬ್ಬಿ ತರಲಾಗದ ಹುಡುಗನ ಕಥೆ ಅದು. ಹೋಟೆಲಿನಲ್ಲಿ ದುಡಿಯುವ ಅನಾಥ ಎಂದು ಕೊನೆಗೆ ತಿಳಿಯುತ್ತದೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇರುವುದರಿಂದ ಎಲ್ಲರ ತಟ್ಟೆಯೂ ಒಂದೇ. ಡಬ್ಬಿ ತೆರೆದಾಗ ಮನೆಯ ಬಡತನ ಬಯಲಾಗುವುದು ಖಾಸಗಿ ಶಾಲೆಗಳಲ್ಲಿ. ನಿಮ್ಮದು ಅಂಥ ಶಾಲೆಯಾದರೆ, ಚಿತ್ರ ಮುಗಿದ ಮೇಲೆ 'ನಿಮಗೂ ಹೀಗಾಗಿದೆಯೇ, ಎದ್ದು ನಿಂತು ಹೇಳಿ' ಎಂದು ಮಾತ್ರ ಕೇಳಬೇಡಿ. ಪಾತ್ರದ ಬಗ್ಗೆ ಮಾತಾಡಲಿ, ಸಾಕು. ಹೇಳಿಕೊಳ್ಳಬೇಕೆನಿಸಿದ ಮಗು ಆಮೇಲೆ ತಾನಾಗಿ ನಿಮ್ಮ ಹತ್ತಿರ ಬರುತ್ತದೆ.

ಹೈಸ್ಕೂಲಿನವರಿಗೆ 'ಬೆಟ್ಟದ ಹೂವು' ತೋರಿಸಿ ಒಂದು ಕೆಲಸ ಕೊಡಿ: ರಾಮುವಿನ ಮನೆಗೆ ಒಂದು ವರ್ಷದ ಓದಿಗೆ ಏನೇನು ಖರ್ಚು ಬರಬಹುದು, ಬರೆಯಿರಿ. ತ್ಯಾಗದ ಮೇಲೆ ಪ್ರಬಂಧ ಬೇಡ. 'ಫ್ಯಾಂಡ್ರಿ'ಯನ್ನು ಪಿಯುಸಿಗಿಂತ ಕೆಳಗಿನವರಿಗೆ ನಾನಾದರೆ ತೋರಿಸುವುದಿಲ್ಲ. ಅದರ ಅವಮಾನವನ್ನು ಅಣಕ ಮಾಡುವವರು ಆ ವಯಸ್ಸಿನಲ್ಲಿ ಇದ್ದೇ ಇರುತ್ತಾರೆ.

ಒಂದೇ ಸಂಜೆ ಬಿಡುವಿದೆ. ಯಾವುದನ್ನು ನೋಡಲಿ?

ಮನೆಯಲ್ಲಿ ಸಿಇಟಿ, ನೀಟ್ ಎಂದು ಓದುತ್ತಿರುವವರಿದ್ದರೆ ಅವರನ್ನೂ ಕೂರಿಸಿಕೊಂಡು 'ಬ್ಯಾಡ್ ಜೀನಿಯಸ್' ನೋಡಿ. ಹಿಂದಿಯ 'ಫರ್ರೆ' (2023) ಅದರದೇ ರೀಮೇಕು, ಆದರೂ ಮೊದಲು ಥಾಯ್ ಚಿತ್ರವನ್ನೇ ಹಾಕಿ. ಸಬ್‌ಟೈಟಲ್ ಓದುವ ಕಷ್ಟ ಹತ್ತು ನಿಮಿಷದ್ದು.